ರೊಟ್ಟಿ ಉಬ್ಬುವ ಹೊತ್ತಿಗೆ

ಬೆಳಗಿನ ಜಾವ ನಾಲ್ಕೂವರೆ. ಬಾಗಲಕೋಟೆ ನವನಗರದ ಒಂದು ಕಲ್ಯಾಣ ಮಂಟಪ. ಮುಂದಿನ ಗೇಟಿಗೆ ಇನ್ನೂ ಬೀಗ ಇತ್ತು. ಸುತ್ತು ಹಾಕಿ ಹಿಂದಿನ ಬಾಗಿಲಿಗೆ ಹೋದರೆ ಅಲ್ಲಿ ಆಗಲೇ ಒಲೆ ಉರಿಯುತ್ತಿದ್ದವು.

ನಾನು ಅವತ್ತು ಹೋಗಿದ್ದು ಫೋಟೊ ತೆಗೆಯೋಕಲ್ಲ, ಲೈಟ್ ಹಿಡಿಯೋಕೆ. ಮೇ ತಿಂಗಳು, ಮದುವೆ ಸೀಸನ್. ಒಂದು ಸ್ಟುಡಿಯೊದವರಿಗೆ ಹುಡುಗರು ಸಾಲದೆ ನನ್ನನ್ನು ಕರೆದಿದ್ದರು. ಮದುಮಗಳ ಕೋಣೆಗೆ ಹುಡುಗಿ ಒಬ್ಬಳು ಇದ್ದರೆ ಒಳ್ಳೆಯದು ಅನ್ನುವುದೂ ಒಂದು ಕಾರಣ. ದಿನಕ್ಕೆ 800 ರೂಪಾಯಿ ಅಂತ ಮಾತಾಗಿತ್ತು. ನನ್ನ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ ಅಂತ ತಂದಿದ್ದೆ. ಕ್ಯಾನನ್ 700ಡಿ, ಸೆಕೆಂಡ್ ಹ್ಯಾಂಡ್. ಜೊತೆಗೆ 50 ಎಂಎಂ, ಎಫ್ 1.8 ಲೆನ್ಸ್ ಒಂದೇ.

ಅದಕ್ಕೂ ಮುಂಚೆ ಆರು ತಿಂಗಳು ನಾನು ಹೋಟೆಲುಗಳಿಗೆ ಮೆಸೇಜ್ ಮಾಡಿದ್ದೆ. "ನಿಮ್ಮಲ್ಲಿನ ಊಟದ ಫೋಟೊ ತೆಗೆದುಕೊಡುತ್ತೇನೆ" ಅಂತ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಮಾತ್ರ ಫೋನ್ ಮಾಡಿ, "ನಮ್ಮ ಹುಡುಗ ಮೊಬೈಲ್‌ನಾಗ ತೆಗಿತಾನ್ರೀ, ಸಾಕಾಗ್ತೈತಿ" ಅಂದರು. ನಾನು ಕಳಿಸುತ್ತಿದ್ದ ಹನ್ನೆರಡು ಫೋಟೊ ಎಲ್ಲವೂ ನಮ್ಮ ಮನೆಯ ಕಿಟಕಿ ಹತ್ತಿರ ತೆಗೆದವು. ಅವ್ವ ಮಾಡಿದ ಜುಣಕ, ಹೋಳಿಗೆ, ಶೇಂಗಾ ಹಿಂಡಿ. ಚೆನ್ನಾಗಿಯೇ ಇದ್ದವು. ಆದರೆ ಒಂದರಲ್ಲೂ ಒಂದು ಕೈ ಇರಲಿಲ್ಲ, ಒಂದು ಮುಖ ಇರಲಿಲ್ಲ. ಗದ್ದಲದ ನಡುವೆ ಈ ಹುಡುಗಿ ಕೆಲಸ ಮಾಡಬಲ್ಲಳಾ ಅಂತ ಅವುಗಳನ್ನು ನೋಡಿ ಯಾರಿಗೆ ತಿಳಿಯಬೇಕು?

ಸ್ಟುಡಿಯೊದ ಅಣ್ಣ ಬರುವುದು ಆರಕ್ಕೆ. ಹಿಂದಿನ ದಿನವೇ ಅವರನ್ನು ಕೇಳಿದ್ದೆ, "ಅಣ್ಣಾ, ಕೆಲಸ ಶುರು ಆಗೋದಕ್ಕಿಂತ ಮೊದ್ಲ ನಾನು ಒಂದಿಷ್ಟು ಫೋಟೊ ತೆಗಿಲೇನು?" "ತೆಗಿ. ಆದ್ರ ಬೀಗರ ಕಡೆ ಯಾರಿಗೂ ನಿನ್ನ ನಂಬರ್ ಕೊಡಬ್ಯಾಡ" ಅಂದಿದ್ದರು. ಆ ಮಾತು ನನಗೆ ಸರಿ ಅನ್ನಿಸಿತು. ಅವರು ಹಿಡಿದು ತಂದ ಪಾರ್ಟಿ ಅವರದು.

ಮಂಟಪದ ಹಿತ್ತಲಲ್ಲಿ ತಗಡಿನ ನೆರಳು ಮಾಡಿ, ಇಟ್ಟಿಗೆ ಇಟ್ಟು ಒಲೆ ಹೂಡಿದ್ದರು. ನಾಲ್ಕು ಜನ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಖಡಕ್ ರೊಟ್ಟಿ ಮೊದಲೇ ಬಂದಿತ್ತು, ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಳಾಗಿ. ಇದು ಮಾತ್ರ ಬಿಸಿ ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗಿ ಇಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಆಮೇಲೆ ಎರಡೂ ಕೈಯಲ್ಲಿ ಬಡಿತ, ಬಳೆ ಸದ್ದು. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಸವರುವುದು. ತಿರುವಿ ಹಾಕುವುದು. ಒಂದು ಗಳಿಗೆಯಲ್ಲಿ ರೊಟ್ಟಿ ಚಂಡಿನ ಹಾಗೆ ಉಬ್ಬಿ, ಮತ್ತೆ ಉಸಿರು ಬಿಟ್ಟು ಕುಳಿತುಕೊಳ್ಳುತ್ತದೆ.

ಆ ಒಂದು ಗಳಿಗೆ ನನಗೆ ಬೇಕಿತ್ತು. ಮೊದಲ ಹತ್ತು ರೊಟ್ಟಿ ತಪ್ಪಿದವು. ಉಬ್ಬಿದ್ದನ್ನು ಕಣ್ಣಿಂದ ನೋಡಿ ಬಟನ್ ಒತ್ತುವಷ್ಟರಲ್ಲಿ ಅದು ಇಳಿದಿರುತ್ತಿತ್ತು. ಆಮೇಲೆ ನೋಡುವುದನ್ನು ಬಿಟ್ಟು ಕೇಳತೊಡಗಿದೆ. ಬಡಿತ ನಿಂತಿತು, ಬಟ್ಟೆಯ ನೀರು ಹಂಚಿನ ಮೇಲೆ ಚುಂಯ್ ಅಂದಿತು, ಬಳೆ ಸದ್ದಾಯಿತು ಅಂದರೆ ತಿರುವಿದರು. ಅಲ್ಲಿಂದ ಮನಸ್ಸಿನಲ್ಲೇ ಎಣಿಕೆ. ಹಂಚಿನ ಅಂಚಿಗೆ ಮೊದಲೇ ಫೋಕಸ್ ಮಾಡಿಟ್ಟು, ಕೈ ಅಲ್ಲಾಡಿಸದೆ ಕಾದೆ.

ಇನ್ನೊಂದು ತೊಂದರೆ ಬೆಳಕಿನದು. ಮೇಲೆ ಒಂದು ಟ್ಯೂಬ್ ಲೈಟ್ ನೇತು ಹಾಕಿದ್ದರು. ಕೆಳಗೆ ಬೆಂಕಿ. ಟ್ಯೂಬಿನ ಬೆಳಕಿಗೆ ಮುಖ ಹಸಿರು, ಬೆಂಕಿಯ ಬೆಳಕಿಗೆ ಕೈ ಕೆಂಪು. ಎರಡನ್ನೂ ಒಟ್ಟಿಗೆ ಸರಿ ಮಾಡೋಕೆ ಕ್ಯಾಮೆರಾದ ಯಾವ ಸೆಟ್ಟಿಂಗಿಗೂ ಆಗುವುದಿಲ್ಲ. ತುದಿಯಲ್ಲಿ ಕೂತಿದ್ದ ಅವ್ವನನ್ನು ಹೆದರಿಕೊಂಡೇ ಕೇಳಿದೆ, "ಯವ್ವಾ, ಈ ಟ್ಯೂಬ್ ಒಂದ್ ಐದು ನಿಮಿಷ ಆರ್ಸಲೇನು?"

"ಆರ್ಸು. ಬೆಂಕಿ ಬೆಳಕಿನಾಗ ಬಡಿಯೋದು ನಮಗ ರೂಢಿ ಐತಿ."

ಟ್ಯೂಬ್ ಆರಿತು. ಆ ಬೆಳಕನ್ನು ಹೇಗೆ ಹೇಳಲಿ! ಹಳೆಯ ಇಳಕಲ್ಲ ಸೀರೆಯ ಕೆಂಪು ಸೆರಗು, ಹಿಟ್ಟು ಹತ್ತಿದ ಬೆರಳು, ಒಲೆಯ ಹೊಗೆ ಎಲ್ಲವೂ ಒಂದೇ ಬಣ್ಣದಲ್ಲಿ ಕೂಡಿಕೊಂಡವು. ಕಡಿಮೆ ಬೆಳಕಿಗೆ ಅಂತ ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, 3200ಕ್ಕೆ ಏರಿಸಿದೆ. ಲೆನ್ಸಿನ ಕಿಂಡಿ ಎಫ್ 2.8, ಶಟರ್ 1/200 ಸೆಕೆಂಡ್. ಸ್ವಲ್ಪ ಕಾಳು ಕಾಳಾಗಿ ಬರುತ್ತದೆ ಅಂತ ಗೊತ್ತಿತ್ತು. ಬರಲಿ ಬಿಡು, ಅಂದುಕೊಂಡೆ. ಅಲುಗಿದ ಫೋಟೊಗಿಂತ ಕಾಳು ಕಾಳಾದ ಫೋಟೊ ಎಷ್ಟೋ ಮೇಲು. ಹದಿನಾಲ್ಕನೆಯದೋ ಹದಿನೈದನೆಯದೋ ರೊಟ್ಟಿ ನನಗೆ ಸಿಕ್ಕಿತು. ಪೂರ್ತಿ ಉಬ್ಬಿದ್ದು, ಅದರ ಅಂಚಿಗೆ ಅವ್ವನ ಎರಡು ಬೆರಳು.

ಒಳಗೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಅನ್ನದ ಕೊಪ್ಪರಿಗೆಯ ಮುಚ್ಚಳ ತೆಗೆದ ಕೂಡಲೇ ನನ್ನ ಲೆನ್ಸ್ ಮಂಜಾಯಿತು. ಒರೆಸೋಕೆ ಹೋಗದೆ ಸುಮ್ನೆ ನಿಂತೆ, ತಾನಾಗಿ ಬಿಟ್ಟುಕೊಂಡಿತು. ಅಡುಗೆಯ ಗುತ್ತಿಗೆ ಹಿಡಿದಿದ್ದ ಕಾಕಾ ಆಗಿನಿಂದ ನನ್ನನ್ನೇ ನೋಡುತ್ತಿದ್ದರು.

"ಏನ್ ತಂಗಿ, ಲಗ್ನ ಆ ಕಡೆ ಐತಿ. ಇಲ್ಲೇನ್ ತೆಗ್ಯಾಕತ್ತಿ?"

"ಅಡಗಿ ಮಾಡೋದು ತೆಗ್ಯಾಕತ್ತೇನ್ರೀ ಕಾಕಾ."

ಅವರು ಸೌಟು ಬಿಟ್ಟು ಒಂದು ನಿಮಿಷ ನಿಂತರು. "ಮೂವತ್ತ್ ವರ್ಷ ಆತು ಲಗ್ನದ ಅಡಗಿ ಮಾಡಾಕತ್ತು. ಒಂದ್ ಆಲ್ಬಮ್ಮಿನಾಗೂ ನಾ ಇಲ್ಲ ನೋಡು."

ಆರಕ್ಕೆ ಅಣ್ಣ ಬಂದರು. ಅಲ್ಲಿಂದ ನನ್ನ ಕೈಯಲ್ಲಿ ಲೈಟ್. ಅರಿಷಿಣ, ಸುರಗಿ, ಬಾಸಿಂಗ, ಎಲ್ಲಾ ಮುಗಿದು ಅಕ್ಕಿಕಾಳು, ಅಂದರೆ ಮದುಮಕ್ಕಳ ಮೇಲೆ ಅಕ್ಷತೆ ಹಾಕುವುದು. ಆ ಕ್ಷಣ ಎಲ್ಲರೂ ಎದ್ದು ನಿಲ್ಲುತ್ತಾರೆ, ಎಲ್ಲರೂ ಮೊಬೈಲ್ ಎತ್ತುತ್ತಾರೆ. ಅಣ್ಣ ಹತ್ತು ನಿಮಿಷ ಮೊದಲೇ ಜಾಗ ಹಿಡಿದು, ಹೆಣ್ಣಿನ ಸೋದರಮಾವನ ಹತ್ತಿರ "ಮಾವಾರ, ಅಕ್ಕಿಕಾಳಿಗೆ ಈ ಕಡೆ ಯಾರನ್ನೂ ಬಿಡಬ್ಯಾಡ್ರಿ" ಅಂತ ಹೇಳಿಟ್ಟಿದ್ದರು. ಕ್ಯಾಮೆರಾ ಎಷ್ಟೇ ದೊಡ್ಡದಿರಲಿ, ಆ ಒಂದು ಮಾತು ಹೇಳದಿದ್ದರೆ ಫೋಟೊ ಇಲ್ಲ. ಲೈಟ್ ಹಿಡಿದು ತೋಳು ಬಿದ್ದುಹೋದರೂ ಅದನ್ನು ಕಲಿತದ್ದು ನನಗೆ ದೊಡ್ಡದು.

ಊಟದ ಪಂಕ್ತಿಯಲ್ಲಿ ಅಣ್ಣ ನನಗೆ "ಇಲ್ಲಿ ನೀನು ಒಂದೆರಡು ತೆಗಿ" ಅಂದರು. ಖುಷಿಯಾಗಿ ಎಲೆ ಮುಂದೆ ಬಗ್ಗಿದೆ. ಒಬ್ಬ ಅಜ್ಜಾರು ಬೇಜಾರಿನಿಂದ ಕೈ ಅಡ್ಡ ಹಿಡಿದರು, "ಬಾಯಾಗ ತುತ್ತು ಇದ್ದಾಗ ತೆಗಿಬ್ಯಾಡವ್ವಾ." ಅವರು ಹೇಳಿದ್ದು ನಿಜ. ಅಗಿಯುತ್ತಿರುವ ಮುಖ ಯಾರಿಗೂ ಚಂದ ಕಾಣುವುದಿಲ್ಲ. ಅವರ ಕ್ಷಮೆ ಕೇಳಿ, ಆಮೇಲೆ ಬಡಿಸುವ ಕೈಗಳನ್ನೇ ಹಿಂಬಾಲಿಸಿದೆ. ಹುಗ್ಗಿ ಬೀಳುವುದು, ಅದರ ಮೇಲೆ ಕಾಕಾ ಸುರಿಯುವ ತುಪ್ಪ, "ಇನ್ನೊಂದ್ ಸ್ವಲ್ಪ" ಅನ್ನುವವರ ಕಡೆ ತಿರುಗುವ ಬಕೆಟ್. ಇವತ್ತಿಗೂ ಪಂಕ್ತಿಯಲ್ಲಿ ನಾನು ತೆಗೆಯುವುದು ಅದನ್ನೇ.

ಸಂಜೆ ಕೈಗೆ ಬಂದದ್ದು 800 ಅಲ್ಲ, 500. "ಸೀಸನ್ ಮುಗಿದ ಮ್ಯಾಲೆ ನೋಡೂಣು" ಅಂದರು. ಮತ್ತೆ ನೋಡಲಿಲ್ಲ. ಅಂದಿನಿಂದ ಹಣದ ಮಾತನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಅವರಿಂದ "ಹ್ಞೂಂ" ಬಂದ ಮೇಲೆಯೇ ಮನೆ ಬಿಡುತ್ತೇನೆ.

ಅಂದು ರಾತ್ರಿ 214 ಫೋಟೊಗಳಲ್ಲಿ ಒಂಬತ್ತನ್ನು ಆರಿಸಿ ಕಾಕಾರಿಗೆ ಕಳಿಸಿದೆ. ಅವರು ಬೀಗರ ಕಡೆಯವರಲ್ಲ, ಆದರೂ ಸ್ಟುಡಿಯೊದ ಅಣ್ಣನಿಗೆ ತಿಳಿಸಿಯೇ ಕಳಿಸಿದೆ. ಯಾರೂ ಕೇಳಿರಲಿಲ್ಲ, ದುಡ್ಡಿನ ಮಾತೂ ಇರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಫೋಟೊ ಇಲ್ಲ ಅನ್ನುವುದು ನನ್ನ ತಲೆಯಿಂದ ಹೋಗಿರಲಿಲ್ಲ, ಅಷ್ಟೇ.

ಎಂಟು ದಿನದ ಮೇಲೆ ಫೋನ್ ಬಂತು. "ತಂಗಿ, ಒಂದ್ ಕಾರ್ಡ್ ಮಾಡ್ಸಬೇಕು. ಪಾರ್ಟಿಗೆ ತೋರ್ಸಾಕ." ಆವರೆಗೆ ಅವರು ಇಟ್ಟುಕೊಂಡಿದ್ದ ಕಾರ್ಡಿನಲ್ಲಿ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಎಲ್ಲಿಯದೋ ಪನೀರು, ಎಲ್ಲಿಯದೋ ನಾನ್ ಇದ್ದವು. "ಇದರಾಗ ನಮ್ಮ ಬದನಿಕಾಯಿ ಎಲ್ಲೈತಿ, ಹೇಳು?" ಅಂದರು. ಹದಿನಾಲ್ಕು ಪದಾರ್ಥ. ಎಷ್ಟು ಕೊಡಲಿ ಅಂತ ಕೇಳಿದಾಗ ಗಂಟಲು ಒಣಗಿತು. ಒಂದು ರಾತ್ರಿ ಯೋಚಿಸಿ 1500 ಅಂತ ಬರೆದು ಕಳಿಸಿದೆ. ನನ್ನ ಕ್ಯಾಮೆರಾದಿಂದ ಬಂದ ಮೊದಲ ದುಡಿಮೆ ಅದು.

ಅವರ ಮನೆ ಹಳೆ ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರಿಗೆ ಊರಿನ ಎಷ್ಟೋ ಭಾಗ ಮುಳುಗಡೆಗೆ ಹೋಗಿ, ಆ ಜನಕ್ಕಾಗಿಯೇ ನವನಗರ ಕಟ್ಟಿದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಕಾರ ಅಪ್ಪನ ಖಾನಾವಳಿಯೂ ಹಾಗೆಯೇ ಹೋಗಿತ್ತಂತೆ. "ಅದರದ್ದೂ ಒಂದ್ ಫೋಟೊ ಉಳಿದಿಲ್ಲ" ಅಂತ ಚಹಾ ಕೊಡುತ್ತಾ ಹೇಳಿದರು.

ಆ ಸಂಜೆ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಅವರಿಗೆ ಪುರುಸೊತ್ತಾಗಿದ್ದು ಏಳು ಗಂಟೆಗೆ. ಇಲ್ಲ ಅನ್ನೋಕೆ ಧೈರ್ಯ ಬರಲಿಲ್ಲ. ಟ್ಯೂಬ್ ಲೈಟಿನ ಕೆಳಗೇ ಹದಿನಾಲ್ಕೂ ತೆಗೆದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದರೆ ಬದನೆಕಾಯಿ ಎಣ್ಣೆಗಾಯಿ ಹಸಿರು ಹಸಿರು. ಸ್ಟೀಲ್ ತಾಟಿನಲ್ಲಿ ನನ್ನದೇ ನೆರಳು. ಬಿಳಿ ರೊಟ್ಟಿ ಬೂದಿ ಬಣ್ಣ. ಅಷ್ಟು ಜನ ಮನೆಮಂದಿ ನನಗಾಗಿ ಅಡುಗೆ ಮಾಡಿದ್ದರು. ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿ, "ಕಾಕಾ, ಫೋಟೊ ಚಲೋ ಬಂದಿಲ್ಲ. ನನ್ನ ತಪ್ಪು. ಸಾಮಾನಿನ ಖರ್ಚು ನನ್ನ ರೊಕ್ಕದಾಗ ಹಿಡ್ಕೊಳ್ರಿ, ಇನ್ನೊಮ್ಮೆ ತೆಗಿತೇನಿ" ಅಂದೆ.

"ಬದನಿಕಾಯಿ ಎಷ್ಟರ ರೊಕ್ಕ? ನಾಳೆ ಮುಂಜಾನೆ ಬಾ."

ಮರುದಿನ ಎಂಟಕ್ಕೆ ಪಡಸಾಲೆಯ ಬಾಗಿಲಿನ ಹತ್ತಿರ ಮಣೆ ಇಟ್ಟೆವು. ಬಿಸಿಲು ನೇರ ಬೀಳದ ಹಾಗೆ ಬಾಗಿಲಿಗೆ ಕಾಕಾರ ಬಿಳಿ ಧೋತರ ಕಟ್ಟಿದೆವು. ಎದುರು ಬದಿಗೆ ಒಂದು ಥರ್ಮೊಕೋಲ್ ಹಾಳೆ, ನೆರಳು ತೀರಾ ಕಪ್ಪಾಗದಿರಲಿ ಅಂತ. ಸ್ಟೀಲ್ ತಾಟು ತೆಗೆದು ಬಾಳೆ ಎಲೆ ಹಾಸಿದೆವು. ಆರಿದರೂ ಕೆಡದ ಪದಾರ್ಥ ಮೊದಲು: ಹಿಂಡಿ, ಅಮೀನಗಡದ ಕರದಂಟು, ಪಚಡಿ. ಬಿಸಿಯವು ಕೊನೆಗೆ. ರೊಟ್ಟಿಗೆ ಕ್ಯಾಮೆರಾದ ಲೆಕ್ಕಕ್ಕಿಂತ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡು ಪಟ್ಟು ಬೆಳಕು ಕೊಟ್ಟೆ. ಬಿಳಿ ಬಣ್ಣ ತುಂಬಿಕೊಂಡಿದ್ದರೆ ಕ್ಯಾಮೆರಾ ಅದನ್ನು ಬೂದಿಯಾಗಿಸುತ್ತದೆ, ಮೊದಲ ಸಲ ಆಗಿದ್ದೂ ಅದೇ. ಎಣ್ಣೆಗಾಯಿಗೆ ಬೆಳಕು ಹಿಂದಿನಿಂದ, ಸ್ವಲ್ಪ ಓರೆಯಾಗಿ ಬರಬೇಕು. ಆಗ ಮಸಾಲೆಯ ಮೇಲಿನ ಎಣ್ಣೆ ಮಿಂಚುತ್ತದೆ. ಐದು ನಿಮಿಷ ಬಿಟ್ಟರೆ ಆ ಮಿಂಚು ಹೋಗುತ್ತದೆ. ಕಾಕಾರ ಹೆಂಡತಿ ಕಾಕು ಒಳಗಿನಿಂದ ಬಂದು ರೊಟ್ಟಿಯನ್ನು ಒಂದು ಬಟ್ಟಲಿಗೆ ಒರಗಿಸಿ, "ಹಿಂಗ ಇಡು, ಸಪಾಟ್ ಇಟ್ರ ಹಳೇದು ಅನ್ನಿಸ್ತೈತಿ" ಅಂದರು. ಕಾರ್ಡಿನ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚಾಗಿದ್ದು ಆ ಫೋಟೊ.

ಆ ಕಾರ್ಡ್ ನನಗೆ ದಾರಿ ಮಾಡಿಕೊಟ್ಟ ರೀತಿ ನಾನು ಎಣಿಸಿದ್ದಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಯಾವ ಕಾರ್ಯ ಅನ್ನುವುದು ಮೊದಲು ಗೊತ್ತಾಗುವುದು ಅಡುಗೆಯವರಿಗೆ, ಪೆಂಡಾಲಿನವರಿಗೆ. ಫೋಟೊದವರನ್ನು ಜನ ನೆನೆಸಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. "ಫೋಟೊಕ್ಕ ಯಾರರ ಅದಾರೇನ್ರೀ?" ಅಂತ ಅವರನ್ನೇ ಕೇಳುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಾಕಾರ ಕಡೆಯಿಂದ ಒಂದು ಕುಬಸ (ಸೀಮಂತ), ಎರಡು ವಾಸ್ತುಶಾಂತಿ, ಒಂದು ತೊಟ್ಟಿಲ ಕಾರ್ಯ ಬಂದವು. ಕುಬಸದ ಮನೆಯವರು ವಿದ್ಯಾಗಿರಿಯ ಒಂದು ಖಾನಾವಳಿಗೆ ಹೇಳಿದರು. ಆರು ತಿಂಗಳು ಮೆಸೇಜ್ ಮಾಡಿ ಸಿಗದ ಹೋಟೆಲ್ ಕೆಲಸ ಹಾಗೆ ಸಿಕ್ಕಿತು. ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಸ್ಟುಡಿಯೊ ಬಾಗಿಲು ತಟ್ಟಿ, ತಪ್ಪಲ್ಲ. ಆದರೆ ಹಿತ್ತಲ ಬಾಗಿಲಿಗೂ ಒಮ್ಮೆ ಹೋಗಿ. ಪುಕ್ಕಟೆ ಕೊಡುವುದಾದರೆ ಫೋಟೊ ಇಲ್ಲದವರಿಗೆ ಕೊಡಿ. ಗಲ್ಲೆ ತುಂಬಿದ ಹೋಟೆಲಿನವರು "ಹೆಸರು ಬರ್ತೈತಿ, ಪುಕ್ಕಟೆ ಮಾಡು" ಅಂದರೆ ನಾನಂತೂ ಒಪ್ಪುವುದಿಲ್ಲ.

ಜನವರಿಯಲ್ಲಿ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದೆ. ದೇವಸ್ಥಾನದ ಮುಂದಿನ ಹೊಂಡದ ಸುತ್ತ, ಅಕ್ಕಪಕ್ಕದ ಹಳ್ಳಿಯ ಹೆಂಗಸರು ಬುಟ್ಟಿ ಹೊತ್ತು ತಂದು ರೊಟ್ಟಿ, ಪಲ್ಯ, ಕೆಂಪು ಹಿಂಡಿ, ಗಡಿಗೆ ಮೊಸರು ಮಾರುತ್ತಾರಲ್ಲ, ಅಲ್ಲಿ ರೊಟ್ಟಿ ಬಡಿಯುವ ಆ ಅವ್ವ ಇದ್ದರು. ಟ್ಯೂಬ್ ಆರಿಸು ಅಂದ ಅವ್ವ. ಅವರ ಊರು ಆ ಕಡೆಯೇ, ಜಾತ್ರೆಗೆ ಬಂದೇ ಬರುತ್ತಾರೆ ಅಂತ ಕಾಕಾ ಹೇಳಿದ್ದರು. ಅದಕ್ಕೇ ಆ ಉಬ್ಬಿದ ರೊಟ್ಟಿಯ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದಿದ್ದೆ.

ಅವ್ವ ಕೈ ಒರೆಸಿಕೊಂಡು ತೆಗೆದುಕೊಂಡರು. ತನ್ನ ಕೈ ನೋಡಿದರು, ಬಳೆ ನೋಡಿದರು. ಪಕ್ಕದ ಬುಟ್ಟಿಯವರೂ ಬಗ್ಗಿ ನೋಡಿದರು. ಆಮೇಲೆ ಅವ್ವ ರೊಟ್ಟಿಯ ಅಂಚಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು.

"ಇಲ್ಲಿ ಸ್ವಲ್ಪ ದಪ್ಪ ಆಗೇತಿ ನೋಡ್ ಯವ್ವಾ. ಮುಂದಿನ ಸಲ ಬಂದಾಗ ಹೇಳು, ಚಲೋತ್ನಾಗಿ ಬಡಿದು ಕೊಡ್ತೇನಿ."