ಚಾಕ್ ಗೆರೆ ಓಡಿದ ಲೆಕ್ಕ

ಟಾರ್ಕ್, ಅಂದರೆ ವಸ್ತುವನ್ನು ತಿರುಗಿಸುವ ಎಳೆತದ ಪರಿಣಾಮ, ಬದಲಾಗದಿದ್ದರೆ ಕೋನೀಯ ವೇಗೋತ್ಕರ್ಷವೂ, ಅಂದರೆ ತಿರುಗುವ ವೇಗ ಏರುವ ದರವೂ, ಬದಲಾಗುವುದಿಲ್ಲ. ಈ ಮಾತು ನನಗೆ ಬಾಯಿಪಾಠವಾಗಿತ್ತು. ಕಣ್ಣಿಗೆ ಕಂಡಿದ್ದು ಮಾತ್ರ ಲ್ಯಾಬಿನಲ್ಲಿ ಕಳೆದ ಒಂದು ಮಧ್ಯಾಹ್ನ.

ಬೇರಿಂಗ್ ಮೇಲೆ ಕೂರಿಸಿದ ಅಲ್ಯೂಮಿನಿಯಂ ಘನ ಸಿಲಿಂಡರ್. ತೂಕ 4 ಕಿಲೋ, ತ್ರಿಜ್ಯ 10 ಸೆಂ.ಮೀ. ಮೈಗೆ ತೆಳ್ಳನೆ ದಾರ ಸುತ್ತಿ, ತುದಿಗೆ ಬರೀ 50 ಗ್ರಾಂ ತೂಕ ಕಟ್ಟಿದೆವು. ದಾರದ ಸುತ್ತು ಒಂದರ ಪಕ್ಕ ಒಂದು ಬರಬೇಕು, ಮೇಲೇರಿ ಕೂತರೆ ತ್ರಿಜ್ಯ ಬದಲಾಗುತ್ತದೆ, ಜೊತೆಗೆ ಟಾರ್ಕೂ ಬದಲಾಗುತ್ತದೆ. ಸಿಲಿಂಡರಿನ ಮುಖದ ಮೇಲೆ ಚಾಕಿನಿಂದ ಒಂದು ಗೆರೆ ಎಳೆದು, ಫೋನಿನಲ್ಲಿ ವಿಡಿಯೊ ಹಾಕಿ ಕೈ ಬಿಟ್ಟೆವು.

ಮೊದಲು ಗೆರೆ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ನಿಧಾನ. ಆಮೇಲೆ ನೋಡನೋಡುತ್ತಲೇ ಜೋರಾಯಿತು. ಲೆಕ್ಕದ ಪ್ರಕಾರ ಮೊದಲ ಸೆಕೆಂಡಿನಲ್ಲಿ ಸುಮಾರು 68 ಡಿಗ್ರಿ, ಎರಡನೆಯದರಲ್ಲಿ 205, ಮೂರನೆಯದರಲ್ಲಿ 342. ಅಂದರೆ 1, 3, 5ರ ಅನುಪಾತ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಗೆರೆಯ ಜಾಗ ಅಳೆದಾಗ ಬೇರಿಂಗಿನ ಘರ್ಷಣೆಯಿಂದ ಕೋನ ಸ್ವಲ್ಪ ಕಡಿಮೆ ಬಂತು, ಅನುಪಾತ ಮಾತ್ರ ಹೆಚ್ಚುಕಮ್ಮಿ ಅದೇ! ಬೀಳುವ ಕಲ್ಲಿಗೆ ಗೆಲಿಲಿಯೊ ಹೇಳಿದ ಲೆಕ್ಕವೇ ಇದು. ಇಲ್ಲಿ ದೂರದ ಬದಲು ಕೋನ, ಅಷ್ಟೇ. ನನಗೆ ಎಷ್ಟು ಖುಷಿಯಾಯಿತೆಂದರೆ ದಾರ ಮತ್ತೆ ಸುತ್ತಿ ಇನ್ನೊಮ್ಮೆ ಬಿಟ್ಟು ನೋಡಿದೆ.

ತೂಕ ವೇಗ ಹೆಚ್ಚಿಸಿಕೊಳ್ಳುತ್ತಾ ಇಳಿಯುವಾಗ ದಾರದ ಎಳೆತ ಬದಲಾಗಬೇಕಲ್ವಾ ಅಂತ ಜೊತೆಗಿದ್ದವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಎಳೆತ 50 ಗ್ರಾಮಿನ ಪೂರ್ತಿ ಭಾರವಾದ 0.49 ನ್ಯೂಟನ್ ಅಲ್ಲ, 0.478ರಷ್ಟು. ತೂಕ ವೇಗ ಹೆಚ್ಚಿಸಿಕೊಳ್ಳುತ್ತಾ ಕೆಳಗಿಳಿಯುವುದರಿಂದ ಅಷ್ಟು ಕಡಿಮೆ, ಆದರೆ ಇಳಿಯುವ ವೇಗೋತ್ಕರ್ಷ ಒಂದೇ ಆಗಿರುವುದರಿಂದ ಎಳೆತವೂ ಕೊನೆಯವರೆಗೆ ಅಷ್ಟೇ ಇರುತ್ತದೆ.

ಆಮೇಲೆ ಸುಮ್ನೆ ಕೂತು ಇನ್ನೊಂದು ಲೆಕ್ಕ ಹಾಕಿದೆವು. ತಿರುಗುವ ವೇಗ ಬದಲಾಗುವುದಕ್ಕೆ ವಸ್ತು ಒಡ್ಡುವ ಜಡತ್ವವೇ ಮೊಮೆಂಟ್ ಆಫ್ ಇನರ್ಷಿಯಾ. ಘನ ಸಿಲಿಂಡರಿಗೆ ಅದು ದ್ರವ್ಯರಾಶಿಯನ್ನು ತ್ರಿಜ್ಯದ ವರ್ಗದಿಂದ ಗುಣಿಸಿ ಅರ್ಧ ಮಾಡಿದಷ್ಟು. ಅದೇ ತೂಕ, ಅದೇ ತ್ರಿಜ್ಯದ ತೆಳು ಗೋಡೆಯ ಪೊಳ್ಳು ಸಿಲಿಂಡರಿಗೆ ಆ ಅರ್ಧ ಇಲ್ಲ, ಏಕೆಂದರೆ ಇದ್ದಬದ್ದ ತೂಕವೆಲ್ಲ ಅಂಚಿನಲ್ಲೇ ಇರುತ್ತದೆ. ಹಾಗಾಗಿ 1 ಮೀಟರ್ ಇಳಿಯಲು ಘನ ಸಿಲಿಂಡರಿಗೆ ಕಟ್ಟಿದ ತೂಕಕ್ಕೆ 2.9 ಸೆಕೆಂಡ್ ಸಾಕಾದರೆ, ಪೊಳ್ಳಿನದಕ್ಕೆ ಸುಮಾರು 4.1 ಸೆಕೆಂಡ್ ಬೇಕು.