ಬಾತ್‌ರೂಮಿನ ಬಾಗಿಲು

ಇವತ್ತು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಪ್ಲಾನ್ ಹಾಕುತ್ತಾ ಕೂತಿದ್ದೆ. ಹೊರಗೋಡೆ 230 ಮಿ.ಮೀ., ಒಳಗೋಡೆ 115. ಒಂದು ಗೆರೆ ಎಳೆದು, ಗೋಡೆಯ ದಪ್ಪದಷ್ಟು ದೂರದಲ್ಲಿ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಗೆರೆ ಹಾಕುವ ಆಫ್‌ಸೆಟ್ ಕೊಟ್ಟರೆ ಗೋಡೆ ನಿಂತೇ ಬಿಡುತ್ತದೆ. ಮೂಲೆಯಲ್ಲಿ ಹೆಚ್ಚಾದ ಗೆರೆಗಳನ್ನು ಟ್ರಿಮ್ ಮಾಡಿದರೆ ಹಾಲ್, ಅಡುಗೆಮನೆ, ರೂಮುಗಳು ಕಣ್ಣಿಗೆ ಕಾಣತೊಡಗುತ್ತವೆ. ಅಲ್ಲಿವರೆಗೆ ಕೈ ತನ್ನಷ್ಟಕ್ಕೆ ಓಡುತ್ತದೆ.

ನಿಂತಿದ್ದು ಬಾತ್‌ರೂಮಿನ ಬಾಗಿಲ ಹತ್ತಿರ.

ಪ್ಲಾನ್‌ನಲ್ಲಿ ಬಾಗಿಲು ಅಂದರೆ ಒಂದು ಗೆರೆ, ಅದರ ತುದಿಯಿಂದ ಚೌಕಟ್ಟಿನವರೆಗೆ ಒಂದು ಕಾಲು ವೃತ್ತ. ತೆರೆಯುವಾಗ ಬಾಗಿಲು ಎಷ್ಟು ಜಾಗ ತಿನ್ನುತ್ತದೆ ಅಂತ ಹೇಳುವ ಗೆರೆ ಅದು. ಅಭ್ಯಾಸಬಲದಿಂದ 750 ಮಿ.ಮೀ. ಅಗಲದ ಬಾಗಿಲನ್ನು ಒಳಕ್ಕೆ ತೆರೆಯುವ ಹಾಗೆ ಇಟ್ಟೆ. ಕಮೋಡಿನ ಮುಂದಿದ್ದ ಖಾಲಿ ಜಾಗವನ್ನೆಲ್ಲ ಆ ಕಾಲು ವೃತ್ತ ಆವರಿಸಿಕೊಂಡಿತು.

ಹೋದ ವರ್ಷ ಅಜ್ಜಿ ಜಾರಿ ಬಿದ್ದಿದ್ದು ಸರಿಯಾಗಿ ಅಂಥದ್ದೇ ಜಾಗದಲ್ಲಿ. ಬಾಗಿಲು ಒಳಕ್ಕೆ ತೆರೆಯಬೇಕು, ಅಜ್ಜಿಯೇ ಅದಕ್ಕೆ ಅಡ್ಡ. ಜೋರಾಗಿ ತಳ್ಳಿದರೆ ಅವರಿಗೇ ಪೆಟ್ಟು. ಅಪ್ಪ ಸಂದಿಯಲ್ಲಿ ಕೈ ತೂರಿಸಿ, "ಅಮ್ಮಾ, ಒಂಚೂರು ಆ ಕಡೆ ಸರಿಯಮ್ಮಾ" ಅಂತ ಬೇಡಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ.

ಮಿರರ್ ಕೊಟ್ಟು ಬಾಗಿಲನ್ನು ಕನ್ನಡಿಯ ಬಿಂಬದ ಹಾಗೆ ಆಚೆ ಬದಿಗೆ ತಿರುಗಿಸಿದೆ. ಕಾಲು ವೃತ್ತ ಹೊರಗೆ, ಪ್ಯಾಸೇಜಿಗೆ ಬಂತು. ಅಗಲವನ್ನೂ 900 ಮಾಡಿದೆ. ನಾಳೆ ವಾಕರ್ ಹಿಡಿದು ಬರುವವರಿಗೂ ದಾರಿ ಬೇಕು ಅಲ್ವಾ? ಪ್ಯಾಸೇಜು ಸ್ವಲ್ಪ ಇಕ್ಕಟ್ಟಾಯಿತು. ವಾಶ್‌ಬೇಸಿನ್ನನ್ನು ಡೈನಿಂಗ್ ಕಡೆ ಸರಿಸಿದೆ, ಜಾಗ ಸಿಕ್ಕಿತು. ಇಷ್ಟಕ್ಕೆಲ್ಲ ಹಿಡಿದಿದ್ದು ಹತ್ತೇ ನಿಮಿಷ.

ನಿಮ್ಮ ಮನೆ ಬಾತ್‌ರೂಮಿನ ಬಾಗಿಲು ಯಾವ ಕಡೆ ತೆರೆಯುತ್ತದೆ? ಮನೆಯಲ್ಲಿ ವಯಸ್ಸಾದವರಿದ್ದರೆ ಇವತ್ತೇ ಒಮ್ಮೆ ನೋಡಿ.