ಫೋಟೊ ಇಡಕ್ಕೆ ಯಾಕೆ ದುಡ್ಡು ಕೊಡ್ತೀರಾ ಅಂತ ಕೇಳೋರಿಗೆ

ವೀರಗಲ್ಲು, ಶಾಸನ ಅಂತ ಭಾನುವಾರ ಊರೂರು ಸುತ್ತೋ ನಮ್ಮ ಗುಂಪಿಗೆ ಹೊಸಬ್ರು ಯಾರೇ ಸೇರಿದ್ರೂ ಎರಡು ತಿಂಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. "ಸರ್, ನೀವು ಫೋಟೊ ಇಡೋ ಆ ವೆಬ್‌ಸೈಟು ಫ್ಲಿಕರ್‌ಗೆ ವರ್ಷಾವರ್ಷ ದುಡ್ಡು ಕಟ್ತೀರಂತೆ, ಯಾಕೆ? ಗೂಗಲ್ ಫೋಟೋಸ್ ಇದೆ, ಫೇಸ್‌ಬುಕ್ ಇದೆ, ಎಲ್ಲಾ ಫ್ರೀ ಅಲ್ವಾ? ನಾನೂ ತಗೋಬೇಕಾ?" ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಮಾತಾಡ್ತೀನಿ, ಈ ಸಲ ಬರೆದೇ ಬಿಡೋಣ ಅನ್ನಿಸ್ತು.

ಮೊದಲು ಒಂದು ಕಲ್ಲಿನ ವಿಷಯ ಹೇಳ್ಬೇಕು. ಮುಳಬಾಗಿಲು ಕಡೆ ಒಂದು ಕೆರೆ ಏರಿ ಪಕ್ಕ ಸೊಂಟದೆತ್ತರದ ವೀರಗಲ್ಲಿತ್ತು, ತುರುಗೊಳ್‌ದು, ಅಂದ್ರೆ ದನ ಹೊಡ್ಕೊಂಡು ಹೋಗೋ ಕಾಳಗದಲ್ಲಿ ಸತ್ತವನ ಕಲ್ಲು, ಕೆಳಗಡೆ ದನಗಳ ಸಾಲು, ಬಿಲ್ಲು ಹಿಡಿದ ವೀರ, ಮೇಲೆ ಅವನನ್ನ ಕರ್ಕೊಂಡು ಹೋಗ್ತಿರೋ ಅಪ್ಸರೆಯರು, ಪಟ್ಟಿಯ ನಡುವೆ ಮೂರು ಸಾಲು ಹಳಗನ್ನಡ. 2014ರಲ್ಲಿ ನಾನು ಹೋದಾಗ ಸಂಜೆ ಐದರ ಹತ್ತಿರ, ಬಿಸಿಲು ಓರೆಯಾಗಿ ಬಿದ್ದು ಅಕ್ಷರದ ಒಂದೊಂದು ಗೆರೆಗೂ ನೆರಳು ಕೂತಿತ್ತು. ಅಂಥ ಬೆಳಕು ಸಿಗೋದು ದಿನಕ್ಕೆ ಇಪ್ಪತ್ತು ನಿಮಿಷ ಅಷ್ಟೇ, ನಡು ಮಧ್ಯಾಹ್ನ ಹೋದ್ರೆ ಅದೇ ಕಲ್ಲು ಬರೀ ಬೋಳು ಬಂಡೆ ಥರ ಕಾಣುತ್ತೆ. ಇಡೀ ಕಲ್ಲಿಂದು ಒಂದು, ಸಾಲು ಸಾಲಿಂದು ಬೇರೆ ಬೇರೆ, ಒಟ್ಟು ಒಂಬತ್ತು ಫೋಟೊ ತೆಗ್ದೆ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕ್ದೆ, ಅದರಲ್ಲಿ ಎರಡನ್ನ ಗುಂಪಿನ ವಾಟ್ಸಾಪ್‌ಗೆ ಕಳಿಸ್ದೆ, ಕಾರ್ಡ್ ಫಾರ್ಮ್ಯಾಟ್ ಮಾಡ್ದೆ.

ಮುಂದಿನ ವರ್ಷ ಹಾರ್ಡ್ ಡಿಸ್ಕ್ ಹೋಯ್ತು. ಆಮೇಲೆ ಕೆಲವು ವರ್ಷಕ್ಕೆ ಕೆರೆ ಏರಿ ಕೆಲಸ ನಡೆದಾಗ ಜೆಸಿಬಿ ತಗುಲಿ ಕಲ್ಲೂ ಒಡೀತು, ಒಡೆದಿದ್ದು ಸರಿಯಾಗಿ ಅಕ್ಷರ ಇದ್ದ ಕಡೆನೇ. ಹಳೆ ಲಿಪಿ ಓದೋ ಹಿರಿಯರೊಬ್ರು ಆ ಫೋಟೊ ಕೇಳಿದ್ರು, ನನ್ನ ಹತ್ರ ಉಳಿದಿದ್ದು ವಾಟ್ಸಾಪ್ ಪ್ರತಿ ಮಾತ್ರ, ಆರು ಎಂಬಿ ಇದ್ದಿದ್ದು ಕುಗ್ಗಿ ಇನ್ನೂರು ಚಿಲ್ಲರೆ ಕೆಬಿ ಆಗಿತ್ತು. ಅವರು ಅದನ್ನೇ ದೊಡ್ಡದು ಮಾಡಿ ಮಾಡಿ ನೋಡಿದ್ರು. ಎರಡನೇ ಸಾಲಲ್ಲಿ ಒಂದು ಪದ, 'ಇಱಿದು' ಅಂತಲೋ 'ಇೞಿದು' ಅಂತಲೋ ಗೊತ್ತಾಗ್ಲಿಲ್ಲ. ಱ ಇದ್ರೆ ಹೊಡೆದಾಡ್ದ ಅಂತ, ೞ ಇದ್ರೆ ಇಳಿದ ಅಂತ, ಅರ್ಥನೇ ಬೇರೆ. ಆ ಜಾಗದಲ್ಲಿ ನಾಲ್ಕು ಚೌಕ ಬೂದು ಬಣ್ಣ ಬಿಟ್ಟು ಏನೂ ಇರ್ಲಿಲ್ಲ. "ಒರಿಜಿನಲ್ ಇದ್ರೆ ಹುಡುಕಿ ನೋಡಿ" ಅಂದ್ರು. ಇವತ್ತಿಗೂ ಆ ಮಾತು ನೆನಪಾದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಹಾಗಾಗಿ ದುಡ್ಡು ಕೊಡ್ತೀನಿ. ಆದ್ರೆ ನೀವೂ ಕೊಡ್ಬೇಕಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಈ ಕಂಪ್ನಿಗಳು ಹೇಗೆ ನಡ್ಕೊಂಡು ಬಂದಿವೆ ಅಂತ ಸ್ವಲ್ಪ ನೋಡ್ಬೇಕು. ಫ್ಲಿಕರ್ ಶುರುವಾಗಿದ್ದು 2004ರಲ್ಲಿ, ಮಾರನೇ ವರ್ಷನೇ ಯಾಹೂ ಕೊಂಡ್ಕೊಳ್ತು. ಆಗ ಫ್ರೀ ಅಕೌಂಟಲ್ಲಿ ಇತ್ತೀಚಿನ 200 ಫೋಟೊ ಮಾತ್ರ ಕಾಣ್ತಿತ್ತು. 2013ರಲ್ಲಿ ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಒಂದು ಟೆರಾಬೈಟ್ ಫ್ರೀ ಅಂದ್ರು, ಜನ ಇದ್ದಬದ್ದದ್ದೆಲ್ಲ ತುಂಬಿದ್ರು. 2018ರಲ್ಲಿ ಸ್ಮಗ್‌ಮಗ್ ಅನ್ನೋ ಕಂಪ್ನಿ ಕೊಂಡ್ಕೊಂಡು, ಆ ವರ್ಷದ ಕೊನೇಲೇ ಫ್ರೀ ಅಕೌಂಟ್‌ಗೆ ಸಾವಿರ ಫೋಟೊ ಅಷ್ಟೇ, ಮಿಕ್ಕಿದ್ದನ್ನ 2019ರಿಂದ ಅಳಿಸ್ತೀವಿ, ಹಳೇದರಿಂದ ಶುರು ಮಾಡಿ ಅಂತ ಹೇಳಿದ್ರು. ನಮ್ಮಂಥೋರಿಗೆ ಹಳೇದೇ ಬೆಲೆ ಬಾಳೋದು, ಯಾಕಂದ್ರೆ ಹಳೇ ಫೋಟೊದಲ್ಲಿರೋ ಕಲ್ಲು ಈಗ ಅಲ್ಲಿ ಇದೆಯೋ ಇಲ್ವೋ. ಬೇರೆಯವರೂ ಬಳಸ್ಬಹುದು ಅಂತ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೊಟ್ಟಿದ್ದ ಫೋಟೊಗಳನ್ನ ಮಾತ್ರ ಮುಟ್ಟಲ್ಲ ಅಂದ್ರು, ಅದು ಒಳ್ಳೇ ಕೆಲಸ.

ಗೂಗಲ್ ಫೋಟೋಸ್ ಕಥೆನೂ ಅಷ್ಟೇ. 2015ರಲ್ಲಿ ಬಂದಾಗ 16 ಮೆಗಾಪಿಕ್ಸೆಲ್‌ಗೆ ಕುಗ್ಗಿಸಿದ್ರೆ ಎಷ್ಟು ಬೇಕಾದ್ರೂ ಇಡಿ ಅಂದ್ರು, 2021ರ ಜೂನ್ 1ರಿಂದ ಹಾಕಿದ್ದೆಲ್ಲ 15 ಜಿಬಿ ಲೆಕ್ಕಕ್ಕೆ, ಅದೂ ಜಿಮೇಲ್, ಡ್ರೈವ್ ಎಲ್ಲಾ ಸೇರಿ. ತುಂಬಿದ್ರೆ ಮೇಲ್ ಬರೋದೇ ನಿಲ್ಲುತ್ತೆ. ಫೋಟೊಬಕೆಟ್ ಅನ್ನೋ ಇನ್ನೊಂದು ಫೋಟೊ ಸೈಟು 2017ರಲ್ಲಿ, ಬೇರೆ ಸೈಟಲ್ಲಿ ಫೋಟೊ ತೋರಿಸ್ಬೇಕಂದ್ರೆ ವರ್ಷಕ್ಕೆ 399.99 ಡಾಲರ್ ಅಂತ ಮಾಡ್ತು, ಎಷ್ಟೋ ಜನರ ಹತ್ತು ವರ್ಷದ ಪೋಸ್ಟುಗಳಲ್ಲಿ ಫೋಟೊ ಜಾಗ ಖಾಲಿ ಆಗೋಯ್ತು. ಫೇಸ್‌ಬುಕ್ ಥರದ ಆರ್ಕುಟ್ 2014ರಲ್ಲಿ, ಫೋಟೊ ಇಡೋ ಪಿಕಾಸಾ 2016ರಲ್ಲಿ ಮುಚ್ಕೊಂಡ್ವು. ಯಾರನ್ನೂ ಬೈಯಕ್ಕೆ ಇದನ್ನ ಹೇಳ್ತಿಲ್ಲ. ಸರ್ವರ್ ಓಡಿಸಕ್ಕೆ ಕರೆಂಟು, ಜನ, ಡಿಸ್ಕು ಎಲ್ಲಾ ಬೇಕು, ಯಾರೋ ಒಬ್ರು ಆ ಖರ್ಚು ಹೊರಲೇಬೇಕು. ಆದ್ರೆ ಫ್ರೀ ಅನ್ನೋದು ಅವರ ಇಷ್ಟ, ಬೇಡ ಅನ್ನಿಸಿದ ದಿನ ತೆಗೀತಾರೆ, ಅದು ತಲೇಲಿರ್ಲಿ.

ಇನ್ನು ದುಡ್ಡು ಕೊಟ್ರೆ ಭದ್ರ ಅಂತನಾ? ಅಲ್ಲ, ಇದನ್ನ ಒತ್ತಿ ಹೇಳ್ತೀನಿ. ಫ್ಲಿಕರ್ ಪ್ರೊ, ಅಂದ್ರೆ ದುಡ್ಡು ಕೊಡೋ ಅಕೌಂಟು, 2018ರಲ್ಲಿ ವರ್ಷಕ್ಕೆ 50 ಡಾಲರ್ ಇತ್ತು, ಆಮೇಲೆ ಏರ್ತಾನೇ ಇದೆ, ಅದರ ಮೇಲೆ ಡಾಲರ್ ರೇಟು, ಬ್ಯಾಂಕಿನವರ ಫಾರೆಕ್ಸ್ ಚಾರ್ಜು. 2021ರ ಅಕ್ಟೋಬರಲ್ಲಿ ಆರ್‌ಬಿಐ ಆಟೋ ಪೇಮೆಂಟ್ ರೂಲ್ಸ್ ಬಿಗಿ ಮಾಡಿದಾಗ ವಿದೇಶಿ ಸರ್ವೀಸುಗಳಿಗೆ ಕಾರ್ಡಿಂದ ತಾನಾಗೇ ಹೋಗ್ತಿದ್ದ ದುಡ್ಡು ಎಷ್ಟೋ ಜನರಿಗೆ ನಿಂತೋಯ್ತು, ಮೇಲ್ ನೋಡದೇ ಇದ್ದೋರಿಗೆ ಪ್ಲಾನ್ ಮುಗಿದಿದ್ದೂ ಗೊತ್ತಾಗ್ಲಿಲ್ಲ. ಪ್ರೊ ಮುಗಿದ್ರೆ ನೀವು ಮತ್ತೆ ಫ್ರೀ ಅಕೌಂಟೇ, ಸಾವಿರದ ಮೇಲಿರೋದೆಲ್ಲ ಅಳಿಸಿಹೋಗೋ ಅಪಾಯದಲ್ಲಿ ಇರುತ್ತೆ. ನಂದು ಈಗ ಹನ್ನೊಂದು ಸಾವಿರ ಇದೆ. ನಾಳೆ ನಾನೇ ಇಲ್ಲ ಅಂದ್ರೆ ಕಾರ್ಡ್ ಬ್ಲಾಕ್ ಆಗುತ್ತೆ, ಆಮೇಲೆ? ಅದಕ್ಕೇ ಮಗಳಿಗೆ ಪಾಸ್‌ವರ್ಡ್ ಎಲ್ಲಿದೆ, ಹಾರ್ಡ್ ಡಿಸ್ಕ್ ಯಾವ ಬೀರು ಅಂತ ತೋರಿಸಿಟ್ಟಿದೀನಿ. ಎರಡು ಡಿಸ್ಕ್ ಇದೆ, ಒಂದು ನಮ್ಮನೇಲಿ, ಇನ್ನೊಂದು ತಮ್ಮನ ಮನೇಲಿ, ಯುಗಾದಿ ಮತ್ತು ದೀಪಾವಳಿಗೆ ಹೋದಾಗ ಅದಲು ಬದಲು ಮಾಡ್ಕೊಳ್ತೀವಿ.

ಹಾಗಾದ್ರೆ ಡಿಸ್ಕೇ ಸಾಕಲ್ವಾ ಅಂದ್ರೆ, ಬರೀ ಇಟ್ಕೊಳ್ಳೋದಾದ್ರೆ ಸಾಕು. ಮನೆಯವರ ಫೋಟೊ, ಮಕ್ಕಳ ಸ್ಕೂಲ್ ಡೇ ಫೋಟೊ ಅಷ್ಟೇ ಆದ್ರೆ ಫ್ಲಿಕರ್ ಖಂಡಿತ ಬೇಡ, ಒಂದು ಡಿಸ್ಕ್ ತಗೊಳ್ಳಿ, ಜೊತೆಗೆ ಗೂಗಲ್‌ನ 100 ಜಿಬಿ ಪ್ಲಾನ್ ತಿಂಗಳಿಗೆ 130 ರೂಪಾಯಿ, ಅದು ತಗೊಂಡ್ರೆ ಆಯ್ತು. ನಾನು ಕೊಡೋದು ಇಡಕ್ಕಲ್ಲ, ಬೇರೆಯವರಿಗೆ ಸಿಗಲಿ ಅಂತ. ಒಂದೊಂದು ಫೋಟೊಗೂ ಊರು, ತಾಲ್ಲೂಕು, ತಾರೀಖು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಕನ್ನಡದಲ್ಲೇ ಬರೆದಿರ್ತೀನಿ, ಟ್ಯಾಗ್ ಹಾಕಿರ್ತೀನಿ. ಧಾರವಾಡದಲ್ಲಿ ಕೂತು ಓದ್ತಿರೋ ಹುಡುಗ ಒಬ್ಬ ನನ್ನ ಕೇಳದೇನೇ ಹುಡುಕಿ, ಪೂರ್ತಿ ಸೈಜಿನ ಫೋಟೊ ಇಳಿಸ್ಕೊಂಡು ಅಕ್ಷರ ಅಕ್ಷರ ನೋಡ್ಬಹುದು. ಫೇಸ್‌ಬುಕ್‌ಗೆ ಹಾಕಿದ್ರೆ ಲೈಕ್ ಜಾಸ್ತಿ ಬರುತ್ತೆ ನಿಜ, ಆದ್ರೆ ಫೋಟೊ ಕುಗ್ಗುತ್ತೆ, ಎರಡು ವಾರ ಆದ್ಮೇಲೆ ಹಾಕಿದ ನಮಗೇ ಸಿಗಲ್ಲ.

ಇದಕ್ಕೆ ಇನ್ನೊಬ್ರು ಕೇಳಿದ್ರು, ಹಂಚಕ್ಕೇ ಆದ್ರೆ ವಿಕಿಪೀಡಿಯಾದವರ ಫೋಟೊ ಭಂಡಾರ ವಿಕಿಮೀಡಿಯಾ ಕಾಮನ್ಸ್ ಇದೆಯಲ್ಲ, ಪೂರ್ತಿ ಸೈಜಲ್ಲಿ ಇಡ್ತಾರೆ, ಕಾಸೂ ಕೇಳಲ್ಲ ಅಂತ. ಒಳ್ಳೇ ಪ್ರಶ್ನೆ. ಎಲ್ಲರೂ ಮೊದಲು ಅಲ್ಲಿಗೇ ಹೋಗಿ ಅಂತಲೇ ನಾನೂ ಹೇಳೋದು, ನನ್ನ ಒಳ್ಳೇ ಫೋಟೊ ಎಲ್ಲಾ ಅಲ್ಲೂ ಇವೆ. ಆದ್ರೆ ಒಂದೇ ಕಲ್ಲಿನ ನಲವತ್ತು ಫೋಟೊ, ಅರ್ಧಂಬರ್ಧ ಓದಿದ್ದು, ಊರವರ ಮನೆ ಒಳಗಿರೋ, ಎಲ್ಲರಿಗೂ ತೋರಿಸಬಾರದ ಕಲ್ಲುಗಳು, ಅವನ್ನ ಹಾಕೋ ಜಾಗ ಅದಲ್ಲ. ಆ ಗೊಂದಲ ಎಲ್ಲಾ ಇಟ್ಕೊಂಡು ನಾಲ್ಕು ಜನರ ಜೊತೆ ಕೂತು ಬಿಡಿಸೋ ಜಾಗಕ್ಕೆ ನಾನು ದುಡ್ಡು ಕಟ್ತಿರೋದು.

ಕಟ್ಟೋ ಮುಂಚೆ ಒಂದು ನೋಡ್ಕೊಳ್ಳಿ. ಬಿಡೋ ದಿನ ನಿಮ್ಮ ಫೋಟೊ ಎಲ್ಲಾ ಒಟ್ಟಿಗೆ ವಾಪಸ್ ತಗೊಳಕ್ಕೆ ಆಗುತ್ತಾ, ಬರೆದಿದ್ದ ಟಿಪ್ಪಣಿನೂ ಜೊತೆಗೆ ಬರುತ್ತಾ? ಗೂಗಲ್‌ದು ಟೇಕ್‌ಔಟ್ ಇದೆ, ಫ್ಲಿಕರಲ್ಲೂ ಡೇಟಾ ಕೇಳಿದ್ರೆ ಕೊಡ್ತಾರೆ. ನಾನು ರಿನ್ಯೂ ಮಾಡೋ ಮುಂಚೆ ಪ್ರತಿ ವರ್ಷ ಪೂರ್ತಿ ಇಳಿಸಿ, ಹತ್ತು ಫೋಟೊ ತೆಗೆದು ನೋಡಿ, ಆಮೇಲೇ ಕಾರ್ಡ್ ನಂಬರ್ ಹಾಕೋದು.

ಹೋದ ತಿಂಗಳು ಕೇಳಿದ ಕೋಲಾರದ ಹುಡುಗಿ ಹತ್ರ ಇದ್ದಿದ್ದು ಸುಮಾರು ಏಳ್ನೂರು ಫೋಟೊ. ಅವಳಿಗೆ ಬೇಡಮ್ಮ ಅಂದೆ. ಸಾವಿರದವರೆಗೆ ಫ್ರೀನೇ ಇದೆ, ಆ ದುಡ್ಡಲ್ಲಿ ಒಂದು ಡಿಸ್ಕ್ ತಗೋ, ಉಳಿದಿದ್ದಕ್ಕೆ ಪೆಟ್ರೋಲ್ ಹಾಕಿಸ್ಕೊಂಡು ನಿಮ್ಮ ಕಡೆ ನೋಡದೇ ಇರೋ ಕಲ್ಲು ನೋಡ್ಕೊಂಡು ಬಾ, ಸಂಜೆ ನಾಲ್ಕೂವರೆ ಮೇಲೆ ಹೋಗು, ಮತ್ತೆ ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತ ಕಳಿಸು, ಹಾಗೆ ಕಳಿಸಿದ್ರೆ ಕುಗ್ಗಲ್ಲ ಅಂದೆ. ಮೊನ್ನೆ ಮೊದಲ ಕಲ್ಲಿಂದು ಬಂತು, ಏಳು ಎಂಬಿ, ಱ ಸ್ಪಷ್ಟವಾಗಿ ಕಾಣ್ತಿದೆ.